ಗದ್ದಲ ಸಭೆಯಲ್ಲಿ, ತೀರ್ಮಾನ ಕೋಷ್ಟಕದಲ್ಲಿ

(ನಗರಗಳ ಝೋನಿಂಗ್ ನಿಯಮ ತಿದ್ದುವಾಗ ನಡೆಯುವ ಚರ್ಚೆಗಳ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಪ್ರಶ್ನೋತ್ತರದಲ್ಲಿ ಎರಡು ಪ್ರಶ್ನೆಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಝೋನಿಂಗ್ ಅನ್ನುವ ಒಣ ವಿಷಯಕ್ಕೆ ಇಷ್ಟು ಜನ ಬಂದಿದ್ದೀರಿ ಅನ್ನುವುದೇ ಖುಷಿ. ಸಾಮಾನ್ಯವಾಗಿ ಈ ವಿಷಯಕ್ಕೆ ಜನ ಸೇರುವುದು ಪಕ್ಕದ ಸೈಟಿನಲ್ಲಿ ಏನೋ ಏಳುತ್ತಿದೆ ಅಂತ ಗೊತ್ತಾದಾಗ ಮಾತ್ರ.

ವಿಷಯ ಏನು ಅಂತ ಮೊದಲು ಬೇಗ ಹೇಳಿಬಿಡುತ್ತೇನೆ. ನಗರವನ್ನು ವಲಯಗಳಾಗಿ ಹಂಚಿ, ಯಾವ ವಲಯದಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ ಕಟ್ಟಬಹುದು, ರಸ್ತೆಯಿಂದ ಎಷ್ಟು ಜಾಗ ಬಿಡಬೇಕು ಅಂತ ಹೇಳುವ ಸ್ಥಳೀಯ ಕಾನೂನು ಇದು. ಇದರಲ್ಲಿ ಒಂದು ನಕ್ಷೆ ಇರುತ್ತದೆ, ಒಂದು ಬರಹ ಇರುತ್ತದೆ. ಬರಹದೊಳಗೆ ಕೋಷ್ಟಕಗಳಿರುತ್ತವೆ. ತಿದ್ದುಪಡಿ ಬಂದಾಗ ಯೋಜನಾ ವಿಭಾಗದ ಅಧಿಕಾರಿಗಳು ಕರಡು ಬರೆಯುತ್ತಾರೆ. ಯೋಜನಾ ಆಯೋಗ ಜನರ ಅಹವಾಲು ಕೇಳುತ್ತದೆ. ಕೊನೆಗೆ ಚುನಾಯಿತ ಸದಸ್ಯರು ಮತ ಹಾಕುತ್ತಾರೆ. ಊರಿಂದ ಊರಿಗೆ ಹೆಸರು ಬೇರೆ, ಮೆಟ್ಟಿಲುಗಳು ಹೆಚ್ಚುಕಡಿಮೆ ಇವೇ.

ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ಮಾತು. ಸಭೆಯಲ್ಲಿ ಜಗಳ ನಡೆಯುವುದು ನಕ್ಷೆಯ ಬಣ್ಣದ ಮೇಲೆ ಮತ್ತು ದೊಡ್ಡ ದೊಡ್ಡ ಮಾತುಗಳ ಮೇಲೆ. ಊರು ಹೇಗಾಗುತ್ತದೆ ಅಂತ ತೀರ್ಮಾನ ಮಾಡುವುದು ಕೋಷ್ಟಕದಲ್ಲಿರುವ ಪುಟ್ಟ ಅಂಕಿಗಳು. ಆ ಅಂಕಿಗಳ ಬಗ್ಗೆ ಸಭೆಯಲ್ಲಿ ಹೆಚ್ಚಿನವರು ತುಟಿ ಬಿಚ್ಚುವುದಿಲ್ಲ. ಮತ ಹಾಕುವ ಸದಸ್ಯರೂ ಅಷ್ಟೆ.

ಎರಡು ಊರು, ಒಂದೇ ಅನುಮತಿ

ಅಮೆರಿಕದ ಮಿನಿಯಾಪೊಲಿಸ್ ನಗರ ತಗೊಳ್ಳಿ. 2018ರ ಡಿಸೆಂಬರ್‌ನಲ್ಲಿ ಅಲ್ಲಿನ ಕೌನ್ಸಿಲ್ 12-1 ಮತಗಳಿಂದ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಂದು ಸೈಟಿಗೆ ಒಂದೇ ಕುಟುಂಬದ ಮನೆ ಅನ್ನುವ ನಿಯಮ ಅಲ್ಲಿ ಬಹುಪಾಲು ಬೀದಿಗಳಲ್ಲಿತ್ತು. ಇನ್ನು ಮೇಲೆ ಆ ಬೀದಿಗಳಲ್ಲೂ ಮೂರು ಮನೆಗಳ ಕಟ್ಟಡ ಕಟ್ಟಬಹುದು ಅಂದಿತು ಯೋಜನೆ. ಮೊದಲ ಕರಡಿನಲ್ಲಿ ನಾಲ್ಕು ಮನೆ ಇತ್ತು. ವಿರೋಧ ಜೋರಾದ ಮೇಲೆ ಮೂರಕ್ಕೆ ಇಳಿಸಿದರು. ನಮ್ಮ ಬಡಾವಣೆ ಮೇಲೆ ಬುಲ್ಡೋಜರ್ ಓಡಿಸಬೇಡಿ ಅನ್ನುವ ಕೆಂಪು ಬೋರ್ಡುಗಳು ಮನೆಗಳ ಮುಂದೆ ಎದ್ದವು. ಮತ ಬಿದ್ದ ಮೇಲೂ ಮುಗಿಯಲಿಲ್ಲ. ಪರಿಸರದ ಮೇಲಾಗುವ ಪರಿಣಾಮ ನೋಡಿಲ್ಲ ಅಂತ ಕೇಸು ಬಿತ್ತು. 2024ರಲ್ಲಿ ರಾಜ್ಯದ ಶಾಸನಸಭೆಯೇ ಕಾನೂನು ತಂದು ಆ ತಕರಾರನ್ನು ಬಗೆಹರಿಸಬೇಕಾಯಿತು. ಪ್ರಪಂಚದ ಪತ್ರಿಕೆಗಳೆಲ್ಲ ಈ ಊರಿನ ಬಗ್ಗೆ ಬರೆದವು.

ಆಮೇಲೆ ಏನಾಯಿತು? ಆ ಬೀದಿಗಳಲ್ಲಿ ಮೂರು ಮನೆಗಳ ಕಟ್ಟಡ ಎದ್ದದ್ದು ತೀರಾ ಕಡಿಮೆ. ಅಷ್ಟು ದೊಡ್ಡ ಗದ್ದಲಕ್ಕೂ ಈ ಫಲಕ್ಕೂ ತಾಳೆಯೇ ಆಗುವುದಿಲ್ಲ.

ಕಾರಣ ಕೋಷ್ಟಕದಲ್ಲಿತ್ತು. ಎಫ್‌ಎಆರ್ ಅಂತ ಒಂದು ಅಂಕಿ ಇರುತ್ತದೆ. ಸೈಟಿನ ಅಳತೆಗೆ ಎಷ್ಟು ಪಾಲು ಕಟ್ಟಬಹುದು ಅಂತ ಅದು ಹೇಳುತ್ತದೆ. ಎಲ್ಲ ಮಹಡಿಗಳ ಚದರಡಿ ಕೂಡಿಸಿ ಸೈಟಿನ ಚದರಡಿಯಿಂದ ಭಾಗಿಸಿದರೆ ಅದೇ ಎಫ್‌ಎಆರ್. ಮಿನಿಯಾಪೊಲಿಸ್‌ನ ಒಳಬೀದಿಗಳಲ್ಲಿ ಈ ಅಂಕಿ 0.5 ಇತ್ತು. ಒಂದು ಮನೆ ಕಟ್ಟಿದರೂ 0.5, ಮೂರು ಕಟ್ಟಿದರೂ 0.5. ಲೆಕ್ಕಕ್ಕೆ 5,000 ಚದರಡಿ ಸೈಟು ಅಂತ ಇಟ್ಟುಕೊಳ್ಳಿ. ಒಟ್ಟು ಕಟ್ಟಬಹುದಾದದ್ದು 2,500 ಚದರಡಿ. ಅದರಲ್ಲಿ ಒಂದು ದೊಡ್ಡ ಮನೆ ಕಟ್ಟಿ ಮಾರಬಹುದು. ಇಲ್ಲವೇ ಮೂರು ಮನೆ ಮಾಡಬಹುದು, ಆಗ ಮೆಟ್ಟಿಲು, ಗೋಡೆ, ಓಡಾಡುವ ಜಾಗ ಕಳೆದು ಒಂದೊಂದಕ್ಕೆ 800 ಚದರಡಿಯೂ ಸಿಗುವುದಿಲ್ಲ. ಮೂರು ಅಡುಗೆಮನೆ, ಮೂರು ಮೀಟರು, ಮೂರು ಸಂಪರ್ಕಗಳ ಖರ್ಚು ಬೇರೆ. ಯಾವ ಬಿಲ್ಡರ್ ಇದನ್ನು ಮಾಡುತ್ತಾನೆ?

ಈಗ ಪೋರ್ಟ್‌ಲ್ಯಾಂಡ್ ನೋಡಿ, ಆರೆಗಾನ್ ರಾಜ್ಯದ್ದು. ಅಲ್ಲಿನ ಕೌನ್ಸಿಲ್ 2020ರ ಆಗಸ್ಟ್‌ನಲ್ಲಿ 3-1 ಮತಗಳಿಂದ ಇಂಥದ್ದೇ ತಿದ್ದುಪಡಿ ಪಾಸು ಮಾಡಿತು. ವ್ಯತ್ಯಾಸ ಒಂದೇ. ಮನೆಗಳ ಸಂಖ್ಯೆ ಏರಿದ ಹಾಗೆ ಎಫ್‌ಎಆರ್ ಕೂಡ ಏರುತ್ತದೆ. ಒಂದು ಸಾಮಾನ್ಯ ವಲಯದಲ್ಲಿ ಒಂದು ಮನೆಗೆ 0.5, ಎರಡಕ್ಕೆ 0.6, ಮೂರು ಅಥವಾ ನಾಲ್ಕಕ್ಕೆ 0.7. ಅದೇ 5,000 ಚದರಡಿ ಸೈಟಿನಲ್ಲಿ ಈಗ 3,500 ಚದರಡಿ ಸಿಕ್ಕಿತು. ಲೆಕ್ಕ ತಿರುಗಿಬಿತ್ತು. ದೊಡ್ಡ ಒಂಟಿ ಮನೆಗಿಂತ ನಾಲ್ಕು ಸಣ್ಣ ಮನೆ ಕಟ್ಟುವುದೇ ಲಾಭ ಅನ್ನುವ ಹಾಗಾಯಿತು. ಅಲ್ಲಿ ನಾಲ್ಕು ಮನೆಗಳ ಕಟ್ಟಡಗಳು ನಿಜಕ್ಕೂ ಎದ್ದವು.

ಗಮನಿಸಿ, ಎರಡೂ ಊರುಗಳ ಸುದ್ದಿ ಒಂದೇ ಥರ ಇತ್ತು. ಒಂಟಿ ಮನೆಯ ಝೋನಿಂಗ್ ರದ್ದು ಅಂತ. ವಿರೋಧಿಸಿದವರ ಭಾಷಣಗಳೂ ಒಂದೇ, ಬೆಂಬಲಿಸಿದವರ ಭಾಷಣಗಳೂ ಒಂದೇ. 0.5 ಮತ್ತು 0.7ರ ನಡುವಿನ ಅಂತರಕ್ಕೆ ಯಾರೂ ಬೋರ್ಡು ಹಿಡಿಯಲಿಲ್ಲ. ಮಿನಿಯಾಪೊಲಿಸ್‌ನಲ್ಲಿ ಕೌನ್ಸಿಲ್ ಒಂದು ಕೈಯಲ್ಲಿ ಕೊಟ್ಟದ್ದನ್ನು ಕೋಷ್ಟಕ ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತ್ತು. ಆ ಊರಿಗೆ ಅನ್ಯಾಯ ಮಾಡಬಾರದು, ಅಲ್ಲಿ ಬೇಕಾದಷ್ಟು ಮನೆ ಎದ್ದವು. ಆದರೆ ಎದ್ದದ್ದು ಬಸ್ ಓಡಾಡುವ ದೊಡ್ಡ ರಸ್ತೆಗಳ ಪಕ್ಕದ ದೊಡ್ಡ ಕಟ್ಟಡಗಳಲ್ಲಿ. ಅಲ್ಲಿಗೆ ಬೇರೆ ಅಂಕಿಗಳಿದ್ದವು, ಪಾರ್ಕಿಂಗ್ ಕಡ್ಡಾಯವನ್ನೂ ತೆಗೆದಿದ್ದರು. ಅದರ ಬಗ್ಗೆ ಗಲಾಟೆ ಕಡಿಮೆ.

ಅಂಕಿಗಳು ಎಲ್ಲಿಂದ ಬರುತ್ತವೆ

ನ್ಯೂಯಾರ್ಕ್‌ನ 1916ರ ನಿಯಮ ಈ ಕಥೆಯ ಮೊದಲ ದೊಡ್ಡ ಅಧ್ಯಾಯ. ಅದಕ್ಕೆ ಹಿಂದಿನ ವರ್ಷ ಬ್ರಾಡ್‌ವೇನಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಅನ್ನುವ ಕಟ್ಟಡ ಮುಗಿದಿತ್ತು. ಒಂದು ಎಕರೆಯೂ ಇಲ್ಲದ ಜಾಗದಲ್ಲಿ ಸುಮಾರು 12 ಲಕ್ಷ ಚದರಡಿ. ಫುಟ್‌ಪಾತಿನಿಂದ ನೇರ ಮೇಲಕ್ಕೆ 38 ಮಹಡಿ. ಸುತ್ತಲಿನ ಬೀದಿಗಳಿಗೆ ಬಿಸಿಲೇ ಬೀಳದಂತಾಯಿತು. ಇನ್ನೊಂದು ಕಡೆ ಫಿಫ್ತ್ ಅವೆನ್ಯೂನ ಶ್ರೀಮಂತ ಅಂಗಡಿಗಳಿಗೆ ಬೇರೆ ಚಿಂತೆ. ಬಟ್ಟೆ ಕಾರ್ಖಾನೆಗಳು ಹತ್ತಿರ ಬರುತ್ತಿದ್ದವು. ಮಧ್ಯಾಹ್ನದ ಬಿಡುವಿನಲ್ಲಿ ವಲಸೆ ಕಾರ್ಮಿಕರು ಫುಟ್‌ಪಾತ್ ತುಂಬ ನಿಲ್ಲುತ್ತಿದ್ದರು. ಅದು ಅಂಗಡಿಯವರಿಗೆ ಹಿಡಿಸಲಿಲ್ಲ. ಬಿಸಿಲು ಬೇಕು ಅನ್ನುವ ಒಳ್ಳೆ ಕಾರಣ, ಇವರು ಬೇಡ ಅನ್ನುವ ಕೆಟ್ಟ ಕಾರಣ, ಎರಡೂ ಒಂದೇ ಕಾನೂನಿನಲ್ಲಿ ಸೇರಿಕೊಂಡವು. ಇದು ಆಮೇಲೂ ತುಂಬ ಸಲ ಆಗಿದೆ.

ಆ ನಿಯಮದ ಪ್ರಕಾರ ಕಟ್ಟಡ ಮೇಲೆ ಹೋದ ಹಾಗೆ ಹಿಂದಕ್ಕೆ ಸರಿಯಬೇಕು. ಆದರೆ ಸೈಟಿನ ಶೇ. 25 ಭಾಗದಲ್ಲಿ ಎಷ್ಟು ಎತ್ತರ ಬೇಕಾದರೂ ಕಟ್ಟಬಹುದು. ಕ್ರೈಸ್ಲರ್ ಬಿಲ್ಡಿಂಗ್, ಎಂಪೈರ್ ಸ್ಟೇಟ್ ಬಿಲ್ಡಿಂಗ್ ಇವುಗಳ ಮೆಟ್ಟಿಲು ಆಕಾರ ನೋಡಿದ್ದೀರಲ್ಲ, ಅದರಲ್ಲಿ ವಾಸ್ತುಶಿಲ್ಪಿಯ ಕೈ ಎಷ್ಟಿದೆಯೋ ಆ ಅಂಕಿಯ ಕೈಯೂ ಅಷ್ಟೇ ಇದೆ. ಆ ನಿಯಮ ಒಪ್ಪುವಷ್ಟು ಪೂರ್ತಿ ಕಟ್ಟಿದ್ದರೆ ನಗರದಲ್ಲಿ 5.5 ಕೋಟಿ ಜನ ಹಿಡಿಸುತ್ತಿದ್ದರು ಅಂತ ಆಮೇಲೆ ಲೆಕ್ಕ ಹಾಕಿದರು.

1961ರಲ್ಲಿ ಅದನ್ನು ಕಿತ್ತು ಹೊಸ ನಿಯಮ ತಂದರು. ಎಫ್‌ಎಆರ್ ಆ ಊರಿಗೆ ಬಂದದ್ದು ಆಗ. ಜೊತೆಗೆ ಒಂದು ಬೋನಸ್ಸು. ಕಟ್ಟಡದ ಮುಂದೆ ಜನರಿಗೆ ತೆರೆದ ಅಂಗಳ ಬಿಟ್ಟರೆ ಹೆಚ್ಚುವರಿ ಮಹಡಿ ಕಟ್ಟಲು ಬಿಡುತ್ತೇವೆ ಅಂತ. ಅತಿ ದಟ್ಟ ವಲಯಗಳಲ್ಲಿ ಒಂದು ಚದರಡಿ ಅಂಗಳಕ್ಕೆ 10 ಚದರಡಿ ಕಟ್ಟಡ. ಬಿಲ್ಡರ್‌ಗಳು ಬಿಡುತ್ತಾರಾ? ಅಂಗಳಗಳು ಸಾಲುಸಾಲಾಗಿ ಬಂದವು. ಅಂಗಳದಲ್ಲಿ ಕೂರಲು ಬೆಂಚು ಇರಬೇಕು, ನೆರಳಿರಬೇಕು ಅಂತ ನಿಯಮದಲ್ಲಿ ಬರೆದಿರಲಿಲ್ಲ. 2000ದಲ್ಲಿ 503 ಇಂಥ ಜಾಗಗಳನ್ನು ಅಳೆದು ನೋಡಿದಾಗ ಶೇ. 41ರಷ್ಟು ಯಾರಿಗೂ ಹೆಚ್ಚು ಉಪಯೋಗಕ್ಕೆ ಬಾರದವು ಅಂತ ಗೊತ್ತಾಯಿತು. ಕಟ್ಟಡ ಮಾತ್ರ ಎದ್ದುಬಿಟ್ಟಿತ್ತು. ಅದನ್ನು ಇಳಿಸಲು ಆಗುತ್ತದಾ?

ಕೋರ್ಟಿನ ಮುದ್ರೆ ಬಿದ್ದದ್ದು 1926ರಲ್ಲಿ. ಒಹಾಯೊ ರಾಜ್ಯದ ಯೂಕ್ಲಿಡ್ ಅನ್ನುವ ಹಳ್ಳಿ. ಅಂಬ್ಲರ್ ರಿಯಾಲ್ಟಿ ಅನ್ನುವ ಕಂಪನಿಗೆ ಅಲ್ಲಿ 68 ಎಕರೆ ಇತ್ತು. ಕಾರ್ಖಾನೆಗೆ ಮಾರುವ ಆಸೆ. ಹಳ್ಳಿ ಅದರ ಒಂದು ಭಾಗವನ್ನು ಮನೆಗಳಿಗೆ ಅಂತ ಗುರುತಿಸಿತು. ಕಂಪನಿ ಕೇಸು ಹಾಕಿತು. ಕೆಳಗಿನ ಕೋರ್ಟಿನ ಜಡ್ಜ್ ಕಂಪನಿ ಪರ ತೀರ್ಪು ಕೊಟ್ಟರು. ಈ ನಿಯಮದ ಫಲ ಜನರನ್ನು ಆದಾಯದ ಪ್ರಕಾರ ಬೇರೆ ಬೇರೆ ಮಾಡುವುದು ಅಂತ ನೇರವಾಗಿ ಬರೆದರು. ಸುಪ್ರೀಂ ಕೋರ್ಟ್ 6-3ರಲ್ಲಿ ಅದನ್ನು ತಿರುಗಿಸಿ ಹಳ್ಳಿಯ ಪರ ನಿಂತಿತು. ಒಂಟಿ ಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟು ಎಷ್ಟೋ ಸಲ ಬರೀ ಪರಾವಲಂಬಿ ಅಂತ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಬರೆದರು. ದೇಶದ ಸಾವಿರಾರು ಊರುಗಳ ಕೌನ್ಸಿಲ್‌ಗಳಿಗೆ ಇಷ್ಟು ಸಾಕಾಯಿತು. ತಮಾಷೆ ಏನು ಅಂದರೆ, ಆ ಜಾಗ ಎಷ್ಟೋ ವರ್ಷ ಖಾಲಿ ಬಿದ್ದು, ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ಎದ್ದದ್ದು ಕಾರ್ಖಾನೆಯೇ.

ಇಲ್ಲಿ ಇನ್ನೊಂದು ತೀರ್ಪನ್ನೂ ಜೊತೆಗೆ ಇಟ್ಟು ನೋಡಬೇಕು. 1917ರಲ್ಲಿ, ಕೆಂಟಕಿಯ ಲೂಯಿವಿಲ್ ನಗರದ ನಿಯಮವೊಂದನ್ನು ಅದೇ ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಬಿಳಿಯರು ಹೆಚ್ಚಿರುವ ಬೀದಿಗೆ ಕಪ್ಪು ಜನ ಬಂದು ವಾಸ ಮಾಡುವ ಹಾಗಿಲ್ಲ ಅನ್ನುವ ನಿಯಮ ಅದು. ಬಣ್ಣದ ಹೆಸರು ಹೇಳಿ ತಡೆಯುವ ದಾರಿ ಮುಚ್ಚಿತು. ಅಂಕಿಯ ದಾರಿ ತೆರೆದೇ ಇತ್ತು. ಸೈಟು ಇಂತಿಷ್ಟಕ್ಕಿಂತ ಚಿಕ್ಕದಿರಬಾರದು ಅಂದರೆ ಸಾಕು. ಯಾರ ಹೆಸರನ್ನೂ ಹೇಳಬೇಕಾಗಿಲ್ಲ. ದುಡ್ಡಿಲ್ಲದವರು ತಾನಾಗಿಯೇ ಹೊರಗುಳಿಯುತ್ತಾರೆ. ಈ ಕನಿಷ್ಠ ಅಳತೆಗಳು ಆರೋಗ್ಯಕ್ಕೆ, ಗಾಳಿ ಬೆಳಕಿಗೆ ಅಂತ ಅಧಿಕಾರಿಗಳು ಹೇಳುವಾಗ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಕೆಲವು ಕಡೆ ನಿಜ ಇರಬಹುದು. ಎಲ್ಲ ಕಡೆ ಅಲ್ಲ.

2,500 ಗ್ಯಾಲನ್‌ಗೆ ಒಂದು ಕಾರು

ಪಾರ್ಕಿಂಗ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಸಮಯ ತಗೊಳ್ಳುತ್ತೇನೆ. ಅಂಕಿಗಳ ಬಣ್ಣ ಬಯಲಾಗುವುದು ಇಲ್ಲೇ.

ಕಟ್ಟಡ ಕಟ್ಟುವಾಗ ಕಾರು ನಿಲ್ಲಿಸಲು ಇಂತಿಷ್ಟು ಜಾಗ ಬಿಡಲೇಬೇಕು ಅನ್ನುವ ನಿಯಮ 1923ರಲ್ಲೇ ಒಹಾಯೊದ ಕೊಲಂಬಸ್‌ನಲ್ಲಿ ಅಪಾರ್ಟ್‌ಮೆಂಟುಗಳಿಗೆ ಬಂತು. 1939ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಆಸ್ಪತ್ರೆ, ಹೋಟೆಲ್‌ಗಳಿಗೂ ಹಾಕಿತು. ಆಮೇಲೆ ಹಬ್ಬಿದ್ದೇ ಹಬ್ಬಿದ್ದು. ಒಂದು ಊರಿನ ಅಂಕಿಯನ್ನು ಇನ್ನೊಂದು ಊರು ನಕಲು ಮಾಡಿತು. ಅದನ್ನು ನೋಡಿ ಮೂರನೆಯದು. ಈಜುಕೊಳಕ್ಕೆ 2,500 ಗ್ಯಾಲನ್ ನೀರಿಗೆ ಒಂದು ಕಾರಿನ ಜಾಗ ಅನ್ನುವ ನಿಯಮವೂ ಇತ್ತು. ನೀರು ಕಾರು ಓಡಿಸಿಕೊಂಡು ಬರುತ್ತದಾ ಅಂತ ಯಾವ ಸದಸ್ಯರೂ ಕೇಳಿದಂತಿಲ್ಲ.

ಇಂಥವನ್ನೆಲ್ಲ ಹೆಕ್ಕಿ ತೆಗೆದವರು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಪ್ರೊಫೆಸರ್ ಡೊನಾಲ್ಡ್ ಶೂಪ್. 2025ರಲ್ಲಿ ತೀರಿಕೊಂಡರು. ಜೀವನದ ದೊಡ್ಡ ಭಾಗವನ್ನು ಪಾರ್ಕಿಂಗ್‌ಗೇ ಕೊಟ್ಟ ಮನುಷ್ಯ. ನಗರಗಳ ಅಧಿಕಾರಿಗಳು ಅಂಕಿಗೆ ಆಧಾರವಾಗಿ ತೋರಿಸುತ್ತಿದ್ದದ್ದು ಸಂಚಾರ ಎಂಜಿನಿಯರುಗಳ ಸಂಸ್ಥೆಯೊಂದರ ಕೈಪಿಡಿಯನ್ನು. ಶೂಪ್ ಅದರ 1987ರ ಆವೃತ್ತಿ ಬಿಚ್ಚಿ ನೋಡಿದರು. ಅದರಲ್ಲಿದ್ದ ಅಂಕಿಗಳಲ್ಲಿ ಅರ್ಧದಷ್ಟು ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಜಾಗಗಳ ಸಮೀಕ್ಷೆಯಿಂದ ಬಂದವು. ಐದರಲ್ಲೊಂದಕ್ಕೂ ಹೆಚ್ಚು ಒಂದೇ ಒಂದು ಜಾಗ ನೋಡಿ ಬರೆದವು. ನೋಡಿದ ಜಾಗಗಳು ಕೂಡ ಬಹುಪಾಲು ಊರ ಹೊರಗಿನವು. ಬಸ್ಸಿಲ್ಲ, ಪಾರ್ಕಿಂಗ್ ಪುಕ್ಕಟೆ. ಅಲ್ಲಿ ಎಲ್ಲರೂ ಕಾರಿನಲ್ಲೇ ಬರುತ್ತಾರೆ, ಇನ್ನೇನು? ಫಾಸ್ಟ್‌ಫುಡ್ ಹೋಟೆಲಿಗೆ 1,000 ಚದರಡಿಗೆ 9.95 ಕಾರುಗಳು ಅಂತ ಅದರಲ್ಲಿ ಬರೆದಿತ್ತು. ದಶಾಂಶದ ಎರಡು ಸ್ಥಾನದವರೆಗೆ! ಅದೇ ಪುಟದ ಗ್ರಾಫ್ ನೋಡಿದರೆ ಹೋಟೆಲಿನ ಅಳತೆಗೂ ಬರುವ ಕಾರುಗಳಿಗೂ ಸಂಬಂಧವೇ ಇಲ್ಲ ಅನ್ನುವಷ್ಟು ಚುಕ್ಕಿಗಳು ಚೆಲ್ಲಾಪಿಲ್ಲಿ.

ಈಗ ಇದು ಸಭೆಗೆ ಬಂದಾಗ ಹೇಗಿರುತ್ತದೆ ಯೋಚನೆ ಮಾಡಿ. ಸದಸ್ಯರ ಮುಂದೆ ಒಂದು ಟೇಬಲ್. ಅದರಲ್ಲಿ 9.95. ಇಷ್ಟು ಕರಾರುವಾಕ್ಕಾಗಿದೆ ಅಂದಮೇಲೆ ಯಾರೋ ಸರಿಯಾಗಿ ಅಳೆದೇ ಬರೆದಿರಬೇಕು ಅಂತ ಅನಿಸಿಬಿಡುತ್ತದೆ. ಯಾರಾದರೂ ಕಡಿಮೆ ಮಾಡೋಣ ಅಂದರೆ, ಕಡಿಮೆ ಮಾಡಲು ನಿಮ್ಮ ಹತ್ತಿರ ಅಧ್ಯಯನ ಇದೆಯಾ ಅಂತ ಕೇಳುತ್ತಾರೆ. ಇರುವ ಅಂಕಿಗೆ ಅಧ್ಯಯನ ಇತ್ತಾ ಅಂತ ಕೇಳುವುದಿಲ್ಲ. ಹಳೆಯದಕ್ಕೆ ಪುರಾವೆ ಬೇಡ, ಹೊಸದಕ್ಕೆ ಬೇಕು. ತಿದ್ದುಪಡಿಯ ಚರ್ಚೆಗಳಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಸಂಗತಿ ಇದು.

ನ್ಯೂಯಾರ್ಕ್ ರಾಜ್ಯದ ಬಫಲೊ ಧೈರ್ಯ ಮಾಡಿತು. 2017ರಲ್ಲಿ ಇಡೀ ಊರಿಗೆ ಕಡ್ಡಾಯ ಪಾರ್ಕಿಂಗ್ ತೆಗೆದುಹಾಕಿತು. ಎರಡು ವರ್ಷದ ದೊಡ್ಡ ಕಟ್ಟಡಗಳನ್ನು ಸಂಶೋಧಕರು ನೋಡಿದಾಗ ಶೇ. 47ರಷ್ಟು ಹಿಂದಿನ ಕನಿಷ್ಠಕ್ಕಿಂತ ಕಡಿಮೆ ಜಾಗ ಕೊಟ್ಟಿದ್ದವು. ಅಂದರೆ ಉಳಿದ ಅರ್ಧಕ್ಕೂ ಹೆಚ್ಚು ಕಟ್ಟಡಗಳು ಯಾರೂ ಕೇಳದಿದ್ದರೂ ಹಿಂದಿನಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಕೊಟ್ಟವು. ಪಾರ್ಕಿಂಗ್ ಮಾಯವಾಗಲಿಲ್ಲ. ಬೇಕಾದವರು ಕಟ್ಟಿಕೊಂಡರು. ಲಂಡನ್ 2004ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕನಿಷ್ಠದ ಜಾಗದಲ್ಲಿ ಗರಿಷ್ಠ ತಂದಿತ್ತು. ಹೊಸ ಮನೆಗಳಲ್ಲಿ ಒಂದು ಮನೆಗೆ 1.1 ಇದ್ದ ಪಾರ್ಕಿಂಗ್ ಸುಮಾರು 0.6ಕ್ಕೆ ಇಳಿಯಿತು. ಹಾಗಾದರೆ ಮೊದಲಿನ ಅರ್ಧದಷ್ಟನ್ನು ಕಟ್ಟಿಸುತ್ತಿದ್ದದ್ದು ಬರೀ ಆ ಅಂಕಿ.

ಮೈಕ್ ಮುಂದೆ ಯಾರು

ಸಭೆಗೆ ಬರೋಣ. ಬಾಸ್ಟನ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಮ್ಯಾಸಚೂಸೆಟ್ಸ್ ರಾಜ್ಯದ 97 ಊರುಗಳ ಯೋಜನಾ ಸಭೆಗಳ ನಡಾವಳಿ ಓದಿದರು. ಅಲ್ಲಿ ಮಾತಾಡುವವರ ಹೆಸರು ವಿಳಾಸ ನಡಾವಳಿಯಲ್ಲಿ ದಾಖಲಾಗುತ್ತದೆ. ಅದನ್ನು ಮತದಾರರ ಪಟ್ಟಿಯ ಜೊತೆ ತಾಳೆ ನೋಡಿದರು. ಊರಿನ ಉಳಿದ ಮತದಾರರಿಗೆ ಹೋಲಿಸಿದರೆ ಮಾತಾಡಿದವರಲ್ಲಿ ವಯಸ್ಸಾದವರು ಜಾಸ್ತಿ, ಗಂಡಸರು ಜಾಸ್ತಿ, ಸ್ವಂತ ಮನೆ ಇರುವವರು ಜಾಸ್ತಿ. ಹೆಚ್ಚಿನವರು ಹೊಸ ಮನೆಗಳಿಗೆ ವಿರೋಧ. ಬೆಂಬಲಿಸಿದವರು ಆರೇಳು ಜನರಲ್ಲಿ ಒಬ್ಬರು.

ಇದರಲ್ಲಿ ಆಶ್ಚರ್ಯವೇನಿಲ್ಲ. ಇರುವ ಮನೆಯ ಬಿಸಿಲು ಹೋಗುತ್ತದೆ ಅನ್ನುವವರಿಗೆ ಹೆಸರಿದೆ, ವಿಳಾಸವಿದೆ, ಸಿಟ್ಟಿದೆ. ಇನ್ನೂ ಕಟ್ಟದ ಮನೆಗೆ ಮುಂದೆ ಬಾಡಿಗೆಗೆ ಬರುವವರು ಈಗ ಎಲ್ಲಿದ್ದಾರೋ. ತಾವು ಬರುತ್ತೇವೆ ಅಂತ ಅವರಿಗೇ ಗೊತ್ತಿಲ್ಲ. ಅವರ ಪರವಾಗಿ ಮೈಕ್ ಹಿಡಿಯುವವರು ಯಾರು? ಸಭೆ ಇರುವುದೋ ಕೆಲಸದ ದಿನದ ಸಂಜೆ. ಮಗು ಇರುವವರು, ಎರಡನೇ ಪಾಳಿ ಕೆಲಸದವರು ಬರುವುದು ಕಷ್ಟ.

ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 2016ರ ಫೆಬ್ರುವರಿಯಲ್ಲಿ ನಡೆದ ಕೌನ್ಸಿಲ್ ಸಭೆ ಇದಕ್ಕೆ ಒಳ್ಳೆ ಉದಾಹರಣೆ. ಊರಿನ ಹೊಸ ಯೋಜನೆಯಲ್ಲಿ ಹೆಚ್ಚು ಬೀದಿಗಳಲ್ಲಿ ಹೆಚ್ಚು ಮನೆಗೆ ಅವಕಾಶ ಕೊಡುವ ವಿಷಯ. ನಗರದ ಯುವಜನ ಸಲಹಾ ಸಮಿತಿಯವರು ಅದರ ಪರ ಮಾತಾಡಲು ಎದ್ದಾಗ ಸಭಿಕರು ಕೂಗಿ ಅಡ್ಡಿ ಮಾಡಿದರು. ಕೌನ್ಸಿಲ್ ಬೆದರಿತು. ತಾನೇ ಮುಂದಿಟ್ಟಿದ್ದ ಒಂದಷ್ಟು ಬದಲಾವಣೆಗಳನ್ನು ಮತ ಹಾಕಿ ವಾಪಸ್ ತೆಗೆದುಕೊಂಡಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಯೋಜನೆಯನ್ನು ಒಂದು ಸ್ವತಂತ್ರ ಸಮಿತಿ ಕೂಡ ವಿಚಾರಣೆ ಮಾಡುತ್ತಿತ್ತು. ಅದು ಪುರಾವೆ ಕೇಳಿತು, ಲೆಕ್ಕ ಕೇಳಿತು. ಜುಲೈ ತಿಂಗಳಲ್ಲಿ ಅದು ಕೊಟ್ಟ ಶಿಫಾರಸು ಕೌನ್ಸಿಲ್ ಹಿಂತೆಗೆದುಕೊಂಡದ್ದಕ್ಕಿಂತಲೂ ಧಾರಾಳವಾಗಿತ್ತು. ಆಗಸ್ಟ್‌ನಲ್ಲಿ ಅದೇ ಕೌನ್ಸಿಲ್ ಅದರ ಬಹುಭಾಗವನ್ನು ಒಪ್ಪಿಕೊಂಡಿತು. ವಸತಿ ಜಾಗದ ಸುಮಾರು ಮುಕ್ಕಾಲು ಪಾಲಿನಲ್ಲಿ ಮೊದಲಿಗಿಂತ ಹೆಚ್ಚು ಕಟ್ಟಬಹುದು ಅಂತಾಯಿತು. ಮುಂದಿನ ಐದಾರು ವರ್ಷಗಳಲ್ಲಿ ಮನೆ ಕಟ್ಟುವ ಪರವಾನಗಿಗಳು ಎರಡರಷ್ಟಾದವು. ಕೌನ್ಸಿಲ್ ಸದಸ್ಯರು ಆರು ತಿಂಗಳಲ್ಲಿ ಬೇರೆ ಮನುಷ್ಯರಾದರು ಅಂತೇನಲ್ಲ. ತಾವೊಬ್ಬರೇ ಮಾಡಿದ್ದಲ್ಲ, ಸಮಿತಿ ಹೇಳಿತು ಅನ್ನುವ ಆಸರೆ ಸಿಕ್ಕಿತು. ರಾಜಕೀಯದಲ್ಲಿ ಅಂಥ ಆಸರೆ ಸಣ್ಣದಲ್ಲ.

ಸಭೆಗಳಲ್ಲಿ ಹೆಚ್ಚು ಕೇಳಿಬರುವ ಮಾತು, ನಮ್ಮ ಬೀದಿಯ ಸ್ವರೂಪ ಉಳಿಯಬೇಕು ಅನ್ನುವುದು. ನ್ಯಾಯವಾದ ಆಸೆಯೇ. ಆದರೆ ಬಾಸ್ಟನ್ ಪಕ್ಕದ ಸಾಮರ್‌ವಿಲ್ ನಗರದ ಯೋಜನಾ ಅಧಿಕಾರಿಗಳು ಒಂದು ಲೆಕ್ಕ ತೆಗೆದರು. ಊರಿನ ಎಷ್ಟು ಮನೆಗಳು ಈಗಿನ ನಿಯಮಕ್ಕೆ ಪೂರ್ತಿ ಹೊಂದುತ್ತವೆ ಅಂತ. ಸಾವಿರಾರು ಕಟ್ಟಡಗಳಲ್ಲಿ ಸಿಕ್ಕಿದ್ದು 22. ಉಳಿದವೆಲ್ಲ ನಿಯಮಕ್ಕಿಂತ ಹಳೆಯವು, ಹಾಗಾಗಿ ಬದುಕಿಕೊಂಡಿದ್ದವು. ಜನ ಇಷ್ಟಪಟ್ಟ ಆ ಬೀದಿಗಳನ್ನು ಅದೇ ಊರಿನಲ್ಲಿ ಮತ್ತೆ ಕಟ್ಟುವ ಹಾಗೇ ಇರಲಿಲ್ಲ. 2019ರಲ್ಲಿ ಆ ಊರು ಪೂರ್ತಿ ಹೊಸ ನಿಯಮ ಬರೆದುಕೊಂಡಿತು. ನನ್ನ ಪ್ರಕಾರ ಯಾವ ಊರಿನ ತಿದ್ದುಪಡಿಯೂ ಇಂಥ ಲೆಕ್ಕದಿಂದಲೇ ಶುರುವಾಗಬೇಕು.

ಚೌಕಾಸಿ

ಎಲ್ಲರೂ ಮಾತಾಡಿ ಮನೆಗೆ ಹೋದ ಮೇಲೆ ಸದಸ್ಯರ ನಡುವೆ ಚೌಕಾಸಿ ಶುರು. 2024ರ ನ್ಯೂಯಾರ್ಕ್ ನೋಡಿ. ಪ್ರತಿ ಬಡಾವಣೆಯಲ್ಲೂ ಸ್ವಲ್ಪ ಸ್ವಲ್ಪ ಮನೆ ಸೇರಿಸೋಣ ಅನ್ನುವ ತಿದ್ದುಪಡಿ. ಮೂಲ ಕರಡು ಇಡೀ ಊರಿಗೆ ಕಡ್ಡಾಯ ಪಾರ್ಕಿಂಗ್ ತೆಗೆಯುತ್ತಿತ್ತು. 15 ವರ್ಷದಲ್ಲಿ 1,09,000ದವರೆಗೆ ಹೊಸ ಮನೆ ಬರಬಹುದು ಅಂತ ಅಂದಾಜು. ಊರ ಅಂಚಿನ ಬಡಾವಣೆಗಳ ಸದಸ್ಯರು ಒಪ್ಪಲಿಲ್ಲ. ಕೊನೆಗೆ ಊರನ್ನು ಪಾರ್ಕಿಂಗ್ ಲೆಕ್ಕದಲ್ಲಿ ಮೂರು ವಲಯ ಮಾಡಿದರು. ಒಂದರಲ್ಲಿ ಪೂರ್ತಿ ರದ್ದು, ಒಂದರಲ್ಲಿ ಕಡಿತ, ಇನ್ನೊಂದರಲ್ಲಿ ಬಹುಪಾಲು ಹಾಗೇ. ಡಿಸೆಂಬರ್‌ನಲ್ಲಿ 31-20 ಮತಗಳಿಂದ ಪಾಸಾಯಿತು. ಅಂದಾಜು ಸುಮಾರು 80,000 ಮನೆಗೆ ಇಳಿದಿತ್ತು. ಇದು ಸೋಲಾ, ಗೆಲುವಾ? ನಾನು ಗೆಲುವು ಅನ್ನುತ್ತೇನೆ. ಮತ ಬೀಳದ ಪರಿಪೂರ್ಣ ಕರಡಿನಲ್ಲಿ ಯಾರೂ ವಾಸ ಮಾಡಲಾಗುವುದಿಲ್ಲ. ಆದರೆ ಆ ಕಡಿತ ಎಲ್ಲಿ ಆಯಿತು ನೋಡಿ. ಮತ್ತೆ ಕೋಷ್ಟಕದಲ್ಲೇ.

ಚೌಕಾಸಿಯಲ್ಲಿ ಜಾಣತನವೂ ಇರಬಹುದು. ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ಝೋನಿಂಗೇ ಇಲ್ಲ ಅನ್ನುತ್ತಾರೆ. 1948, 1962, 1993ರಲ್ಲಿ ಜನರ ಮುಂದೆ ಬಂದಾಗ ಜನರೇ ಬೇಡ ಅಂದರು. ಹಾಗಂತ ಅಂಕಿಗಳಿಲ್ಲದ ಊರಲ್ಲ ಅದು. ಸೈಟಿನ ಕನಿಷ್ಠ ಅಳತೆ ಇತ್ತು. 1998ರಲ್ಲಿ ಒಳನಗರದಲ್ಲಿ ಅದನ್ನು 5,000 ಚದರಡಿಯಿಂದ 1,400ರವರೆಗೆ ಇಳಿಸಲು ಅವಕಾಶ ಕೊಟ್ಟರು. ವಿರೋಧ ಬರುವುದು ಗೊತ್ತಿತ್ತು. ಅದಕ್ಕೇ ಒಂದು ಬಾಗಿಲು ಇಟ್ಟರು. ಯಾವ ಬೀದಿಯವರಿಗೆ ಬೇಡವೋ ಅವರು ಸಹಿ ಸಂಗ್ರಹಿಸಿ ತಮ್ಮ ಬೀದಿಗೆ ಹಳೆಯ ಅಳತೆ ಉಳಿಸಿಕೊಳ್ಳಬಹುದು. ತೀರಾ ಬೇಡವಾದವರು ಆ ಬಾಗಿಲಿಂದ ಹೊರಗೆ ಹೋದರು. ಉಳಿದ ಊರಿನ ದಾರಿಗೆ ಅಡ್ಡ ನಿಲ್ಲಲಿಲ್ಲ. ಆ ನಿಯಮದಡಿ ಸಾವಿರಾರು ಸಾಲುಮನೆಗಳು ಎದ್ದವು. 2013ರಲ್ಲಿ ನಿಯಮವನ್ನು ಹೊರನಗರಕ್ಕೂ ವಿಸ್ತರಿಸಿದರು. ಎಲ್ಲರನ್ನೂ ಒಪ್ಪಿಸುತ್ತೇನೆ ಅಂತ ಹೊರಡುವ ಅಧಿಕಾರಿಗಳಿಗೆ ನಾನು ಈ ಉದಾಹರಣೆ ಹೇಳುತ್ತಿರುತ್ತೇನೆ.

ಪ್ರಶ್ನೋತ್ತರ

ಸಭಿಕರೊಬ್ಬರು: ನೀವು ಹೇಳುವುದು ಕೇಳಿದರೆ ಜನರ ಅಭಿಪ್ರಾಯವೇ ಬೇಡ ಅನ್ನುವ ಹಾಗಿದೆ. ಇದನ್ನೆಲ್ಲ ಮೇಲಿನ ಸರ್ಕಾರವೇ ತೀರ್ಮಾನ ಮಾಡಲಿ ಅಂತೀರಾ ಸಾರ್?

ಜಪಾನ್ ಹಾಗೆ ಮಾಡಿದೆ. ಅಲ್ಲಿ ವಲಯಗಳ ಪಟ್ಟಿ ಇಡೀ ದೇಶಕ್ಕೆ ಒಂದೇ. 1992ರ ತಿದ್ದುಪಡಿಯಲ್ಲಿ 12 ಆಯಿತು, ಈಗ 13. ಊರುಗಳು ಆ ಪಟ್ಟಿಯಿಂದ ಆರಿಸಿ ನಕ್ಷೆ ಮಾಡಿಕೊಳ್ಳಬೇಕು, ತಮಗೆ ತೋಚಿದ ಹೊಸ ವಲಯ ಹುಟ್ಟಿಸುವ ಹಾಗಿಲ್ಲ. ಭಾರಿ ಕಾರ್ಖಾನೆಗಳಿಗೇ ಮೀಸಲಾದ ವಲಯ ಬಿಟ್ಟು ಉಳಿದೆಲ್ಲ ಕಡೆ ಮನೆ ಕಟ್ಟಬಹುದು. ಅತಿ ಶಾಂತ ವಸತಿ ವಲಯದಲ್ಲೂ ಮನೆಯ ಒಂದು ಭಾಗದಲ್ಲಿ 50 ಚದರ ಮೀಟರ್ ಒಳಗಿನ ಅಂಗಡಿ ಇಡಬಹುದು. ನನಗೆ ಇದು ಇಷ್ಟ. ಆದರೆ ಮೇಲಿನ ಸರ್ಕಾರ ಬರೆದ ಅಂಕಿಯೂ ಅಂಕಿಯೇ. ಅದೂ ತಪ್ಪಾಗಬಹುದು, ಆಗ ಒಂದು ಊರಿನ ತಪ್ಪು ಇಡೀ ದೇಶದ ತಪ್ಪಾಗುತ್ತದೆ. ಜನ ಬೇಡ ಅಂತ ನಾನು ಹೇಳಲಿಲ್ಲ. ಯಾವ ಪ್ರಶ್ನೆಯನ್ನು ಜನರ ಮುಂದೆ ಇಡುತ್ತೇವೆ ಅನ್ನುವುದು ಮುಖ್ಯ. ಊರಿಗೆ ಇನ್ನು 20 ವರ್ಷದಲ್ಲಿ ಎಷ್ಟು ಮನೆ ಬೇಕು, ಅವು ಎಲ್ಲೆಲ್ಲಿ ಬರಬೇಕು ಅಂತ ಎಲ್ಲರನ್ನೂ ಕೇಳಿ. ಆ ಪ್ರಶ್ನೆಗೆ ಬಾಡಿಗೆದಾರರೂ ಉತ್ತರ ಕೊಡಬಲ್ಲರು. ಒಂದು ಸೈಟಿನಲ್ಲಿ ಒಂದು ಕಟ್ಟಡ ಬೇಕಾ ಬೇಡವಾ ಅಂತ ಕೇಳಿದರೆ ಅದರ ಅಕ್ಕಪಕ್ಕದ ಮನೆಯವರಷ್ಟೇ ಬರುತ್ತಾರೆ.

ಇನ್ನೊಬ್ಬರು: ನಾವು ಸಾಮಾನ್ಯರು. ಅಷ್ಟು ದಪ್ಪ ಕರಡು ಓದುವುದು ಹೇಗೆ ಮೇಡಂ ಅಂತ ಒಬ್ಬ ಅಧಿಕಾರಿಯನ್ನು ಕೇಳಿದರೆ ನಕ್ಕುಬಿಟ್ಟರು. ಎಲ್ಲಿಂದ ಶುರು ಮಾಡಬೇಕು?

ಪೂರ್ತಿ ಓದಬೇಡಿ, ಯಾರೂ ಓದುವುದಿಲ್ಲ. ಮತ ಹಾಕುವವರೂ ಓದಿರುವುದಿಲ್ಲ ಅಂತ ನನ್ನ ಗುಮಾನಿ. ನಿಮಗೆ ಪರಿಚಯ ಇರುವ ಒಂದು ಸೈಟು ತಗೊಳ್ಳಿ. ಕರಡಿನಲ್ಲಿ ಆ ವಲಯದ ಕೋಷ್ಟಕ ಹುಡುಕಿ. ಸೈಟಿನ ಅಳತೆ, ನಾಲ್ಕೂ ಕಡೆ ಬಿಡಬೇಕಾದ ಜಾಗ, ಎತ್ತರ, ಎಫ್‌ಎಆರ್, ಪಾರ್ಕಿಂಗ್, ಇಷ್ಟನ್ನೂ ಒಂದು ಹಾಳೆ ಮೇಲೆ ಗೆರೆ ಎಳೆದು ನೋಡಿ. ಎಲ್ಲ ಕಳೆದು ಉಳಿದ ಜಾಗದಲ್ಲಿ, ಮೊದಲ ಪುಟದಲ್ಲಿ ಹೇಳಿದ ಮೂರು ಮನೆ ಹಿಡಿಸುತ್ತವಾ? ಹಿಡಿಸದಿದ್ದರೆ ಆ ಹಾಳೆ ತಗೊಂಡು ಹೋಗಿ ಅಧಿಕಾರಿಗೆ ತೋರಿಸಿ, ಯಾವ ಅಂಕಿಯಿಂದ ಹಿಡಿಸುತ್ತಿಲ್ಲ, ಆ ಅಂಕಿ ಎಲ್ಲಿಂದ ಬಂತು ಅಂತ ಕೇಳಿ. ಇದನ್ನು ಕರಡು ಇನ್ನೂ ಯೋಜನಾ ವಿಭಾಗದಲ್ಲಿರುವಾಗಲೇ ಮಾಡಿ. ಕೌನ್ಸಿಲ್ ಮುಂದೆ ಬರುವ ಹೊತ್ತಿಗೆ ಚೌಕಾಸಿ ಮುಗಿದಿರುತ್ತದೆ, ನಿಮಗೆ ಸಿಗುವುದು ಮೈಕ್ ಮುಂದೆ ಎರಡು ಮೂರು ನಿಮಿಷ ಅಷ್ಟೆ. ಹಾಳೆ ತೋರಿಸಿದವರನ್ನು ನೋಡಿ ಯಾವ ಅಧಿಕಾರಿಯೂ ನಗುವುದಿಲ್ಲ.